ಉಳವಿಯ ಹಾದಿಗೆ ಬಿಸಿಲಿನ ದೀಪ



ಮಾಘ ಮಾಸ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಯ ನಮ್ಮ ಮನೆಗಳಲ್ಲಿ ಉಳವಿಯ ಮಾತು ಆರಂಭವಾಗುತ್ತದೆ. ಚಕ್ಕಡಿಯ ಗಾಲಿಗೆ ಎಣ್ಣೆ ಬೀಳುತ್ತದೆ, ಎತ್ತುಗಳ ಕೊರಳಿಗೆ ಹೊಸ ಗೆಜ್ಜೆಸರ ಬರುತ್ತದೆ, ತಾಯಂದಿರು ಕಟಕ ರೊಟ್ಟಿ ಬಡಿದು ಗಂಟು ಕಟ್ಟುತ್ತಾರೆ. ಕಲ್ಯಾಣ ಕ್ರಾಂತಿಯ ತರುವಾಯ, 12ನೆಯ ಶತಮಾನದಲ್ಲಿ, ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಶರಣರು ಕಾಡು ಹೊಕ್ಕ ಹಾದಿಯಿದು. ಷಟ್‌ಸ್ಥಲ ಚಕ್ರವರ್ತಿ ಚನ್ನಬಸವಣ್ಣನವರು ಐಕ್ಯರಾದ ಆ ಪುಣ್ಯಕ್ಷೇತ್ರವು ಇಂದಿಗೂ ಜೋಯಿಡಾ ತಾಲೂಕಿನ ದಟ್ಟ ಅರಣ್ಯದ ನಡುವೆಯೇ ಇದೆ. ಧಾರವಾಡದ ಕಡೆಯವರು ಹಳಿಯಾಳ, ದಾಂಡೇಲಿಗಳನ್ನು ಹಾಯ್ದು ಹೋಗುತ್ತಾರೆ. ಹಾನಗಲ್ಲ, ಶಿಗ್ಗಾಂವಿ ಕಡೆಯವರಿಗೆ ಮುಂಡಗೋಡವೇ ಕಾಡಿನ ಹೆಬ್ಬಾಗಿಲು. ಹೋಗಿ ಬರುವಷ್ಟರಲ್ಲಿ ಹಲವು ರಾತ್ರಿಗಳು ಹಾದಿಯ ಮೇಲೆ, ಮರಗಳ ಕೆಳಗೆ, ಬಂಡಿಯ ನೆರಳಿನಲ್ಲಿ ಕಳೆಯುತ್ತವೆ.

ಈ ತಿಂಗಳು ನಾವು ಪ್ರಸ್ತಾಪಿಸಬಯಸುವುದು ಆ ರಾತ್ರಿಗಳ ಬೆಳಕಿನ ಕುರಿತು.

ಕೆಲವು ವರ್ಷಗಳ ಹಿಂದೆ ನಮ್ಮೂರ ಚಕ್ಕಡಿಗಳ ಸಂಗಡ ನಾವೂ ಹೊರಟಿದ್ದೆವು. ಮೇವು, ಸಾಮಾನು ಹೊತ್ತ ಟ್ರ್ಯಾಕ್ಟರೊಂದು ಹಿಂದೆ ಬಂದಿತ್ತು. ಬೀಡುಬಿಟ್ಟ ಕಡೆ ಹುಡುಗರು ಟ್ರ್ಯಾಕ್ಟರಿನ ಬ್ಯಾಟರಿಗೆ ವೈಯರ್ ಸಿಕ್ಕಿಸಿ ನಾಲ್ಕು ದೊಡ್ಡ ದೀಪ ಹಚ್ಚಿದರು. ಹಾಡಿನ ಪೆಟ್ಟಿಗೆಯನ್ನೂ ಅದಕ್ಕೇ ಜೋಡಿಸಿದರು. ನಡುರಾತ್ರಿಯ ಹೊತ್ತಿಗೆ ದೀಪಗಳು ಮಂಕಾದವು. ನಸುಕಿನಲ್ಲಿ ನಮ್ಮೊಡನಿದ್ದ ವೃದ್ಧ ತಾಯಿಯೊಬ್ಬರಿಗೆ ಜ್ವರ ಏರಿತು. ದಾಂಡೇಲಿಗೆ ಕರೆದೊಯ್ಯೋಣವೆಂದರೆ ಟ್ರ್ಯಾಕ್ಟರು ಏಳಲಿಲ್ಲ. ತಳ್ಳಿ ಏಳಿಸಲು ಹತ್ತಿರದಲ್ಲಿ ಇಳಿಜಾರೂ ಇರಲಿಲ್ಲ. ಬೇರೆ ವಾಹನ ಬರುವವರೆಗೆ ಆ ತಾಯಿಯ ತಲೆಗೆ ತಣ್ಣೀರ ಬಟ್ಟೆ ಹಾಕುತ್ತ ಕುಳಿತದ್ದನ್ನು ನಾವಿನ್ನೂ ಮರೆತಿಲ್ಲ. ಅವರು ಗುಣಮುಖರಾದರು, ಅದು ಬಸವಣ್ಣನ ಕೃಪೆ. ಆದರೆ ಕೃಪೆಯ ಮೇಲೆ ಭಾರ ಹೊರಿಸಿ ನಾವು ಅಲಕ್ಷ್ಯ ಮಾಡುವುದು ಸಲ್ಲದು. ವಾಹನವನ್ನು ಎಬ್ಬಿಸುವ ಬ್ಯಾಟರಿಯನ್ನು ದೀಪಕ್ಕೆ ಬಳಸಬಾರದೆಂಬ ಮೊದಲ ಪಾಠವನ್ನು ನಾವು ಕಲಿತದ್ದು ಅಂದು.

ಹಾಗಾದರೆ ಬೆಳಕು ಎಲ್ಲಿಂದ ಬರಬೇಕು? ಕಂದೀಲು, ಚಿಮಣಿಗಳಿಂದಲೇ ಹಿರಿಯರು ಹೋಗಿಬರಲಿಲ್ಲವೇ ಎಂದು ಕೆಲವರು ಕೇಳುವುದುಂಟು. ಹೋಗಿಬಂದದ್ದು ನಿಜ. ಆದರೆ ಮಾಘದ ಹೊತ್ತಿಗೆ ಕಾಡಿನ ಹುಲ್ಲು, ಉದುರಿದ ಸಾಗವಾನಿಯ ಎಲೆ ಎಲ್ಲವೂ ಒಣಗಿರುತ್ತವೆ. ನಮ್ಮ ಬಂಡಿಯಲ್ಲಿಯೂ ಒಣ ಕಣಿಕೆಯ ಹೊರೆ ಇರುತ್ತದೆ. ಒಂದು ಕಂದೀಲು ಉರುಳಿದರೆ ಸಾಕು. ಅಲ್ಲದೆ ದಾಂಡೇಲಿ ಅಭಯಾರಣ್ಯ ಹಾಗೂ ಅಣಶಿ ರಾಷ್ಟ್ರೀಯ ಉದ್ಯಾನಗಳು ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಅಲ್ಲಿ ಬೆಂಕಿಯ ಭಯವೂ ಜನರೇಟರಿನ ಗದ್ದಲವೂ ಎರಡೂ ಅಪರಾಧಸಮಾನ.

ಈ ಸೀಮೆಗೂ ವಿದ್ಯುತ್ತಿಗೂ ಒಂದು ವಿಚಿತ್ರವಾದ ಸಂಬಂಧವಿದೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಸರಿಯಿತು. ಕಾಳಿಯ ನೀರು ಅಂಬಿಕಾನಗರದ ಬಳಿಯ ನಾಗಝರಿಯಲ್ಲಿ ವಿದ್ಯುತ್ತಾಗಿ ನಾಡಿಗೆಲ್ಲ ಹರಿಯುತ್ತದೆ. ಇಷ್ಟಾದರೂ ಆ ತಂತಿಗಳ ಕೆಳಗೆಯೇ ಬೀಡುಬಿಟ್ಟ ಯಾತ್ರಿಕನಿಗೆ ಅದರ ಒಂದು ಕಿಡಿಯೂ ದೊರೆಯದು. ಅವನಿಗೆ ದೊರೆಯುವುದು ತಲೆಯ ಮೇಲಿನ ಬಿಸಿಲು ಮಾತ್ರ. ಆ ಬಿಸಿಲನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಫಲಕವನ್ನು 1954ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದವರು ಲೋಕಕ್ಕೆ ತೋರಿಸಿದರು. ಇಂದು ಅದು ಹಳ್ಳಿಯ ಅಂಗಡಿಯಲ್ಲಿಯೂ ಸೋಲಾರ್ ಪ್ಲೇಟೆಂಬ ಹೆಸರಿನಿಂದ ದೊರೆಯುತ್ತದೆ. ಕರ್ನಾಟಕದ ಬಡ ಮನೆಗಳಿಗೆ ಈ ಬೆಳಕನ್ನು ಒಯ್ಯಲು 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಕಟ್ಟಿದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದದ್ದನ್ನು ಓದುಗರು ಬಲ್ಲರು.

ಇನ್ನು ಕೆಲಸದ ಮಾತಿಗೆ ಬರೋಣ. ಪ್ಲೇಟು ಕೊಳ್ಳುವ ಮೊದಲು ಲೆಕ್ಕ ಬರೆಯಬೇಕು. ಐದು ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬುಗಳು ರಾತ್ರಿ ಐದು ಗಂಟೆ ಉರಿದರೆ 100 ವ್ಯಾಟ್-ಗಂಟೆ. ಆರು ಮೊಬೈಲುಗಳಿಗೆ ತಲಾ ಹದಿನೈದರಂತೆ 90. ಬಂಡಿಯ ಹಿಂದಿನ ಎರಡು ವ್ಯಾಟಿನ ಕೆಂಪು ದೀಪ ಹತ್ತು ಗಂಟೆ ಉರಿದರೆ 20. ಒಟ್ಟು 210. ಒಂದು ದೊಡ್ಡ ಕುಟುಂಬಕ್ಕೆ ಇಷ್ಟು ಸಾಕು.

ನೂರು ವ್ಯಾಟಿನ ಪ್ಲೇಟು ಫೆಬ್ರುವರಿಯ ತೆರೆದ ಬಿಸಿಲಿನಲ್ಲಿ ಕಾವು, ಧೂಳು, ವೈಯರಿನ ನಷ್ಟ ಕಳೆದು ದಿನಕ್ಕೆ ಸುಮಾರು 350 ವ್ಯಾಟ್-ಗಂಟೆ ಕೊಡಬಲ್ಲದು. ಆದರೆ ಮರಗಳ ನಡುವಿನ ರಸ್ತೆಯಲ್ಲಿ ಅದರ ಅರ್ಧವೂ ಸಂಶಯ. ಪ್ಲೇಟಿನೊಳಗಿನ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದೇ ಕೊಂಬೆಯ ನೆರಳು ಬಿದ್ದರೂ ಇಡೀ ಪ್ಲೇಟಿನ ಬಲ ಕುಗ್ಗುತ್ತದೆ. ಇಲ್ಲಿಯೇ ನಮ್ಮ ಯಾತ್ರೆಯ ತೊಡಕಿರುವುದು: ಎತ್ತಿಗೆ ನೆರಳು ಬೇಕು, ಪ್ಲೇಟಿಗೆ ಬಿಸಿಲು ಬೇಕು. ನಾವು ಮೊದಲ ಬಾರಿ ಪ್ಲೇಟು ಒಯ್ದಾಗ ಅದನ್ನು ಬಂಡಿಗೆ ಭದ್ರವಾಗಿ ಬಿಗಿದು, ಬಂಡಿಯನ್ನು ಮರದ ಕೆಳಗೆ ನಿಲ್ಲಿಸಿ, ಸಂಜೆ ದೀಪ ಹತ್ತಲಿಲ್ಲವೆಂದು ಅಂಗಡಿಯವನನ್ನು ಬೈದೆವು. ತಪ್ಪು ನಮ್ಮದೇ ಆಗಿತ್ತು. ಆದಕಾರಣ ತಂಗುವ ಸ್ಥಳದಲ್ಲಿ ಬಿಚ್ಚಿ ಬಯಲಿಗೆ ಒಯ್ಯುವಂತೆ ಪ್ಲೇಟನ್ನು ಅಳವಡಿಸಬೇಕು. ಹತ್ತು ಮೀಟರ್ ವೈಯರ್ ಸಂಗಡ ಇರಬೇಕು. ಆ ವೈಯರ್ ನಾಲ್ಕು ಚದರ ಮಿಲಿಮೀಟರ್ ದಪ್ಪದ ತಾಮ್ರದ್ದಾಗಿರಲಿ; ತೆಳುವಾದ ವೈಯರಿನಲ್ಲಿ ವಿದ್ಯುತ್ತು ಹಾದಿಯಲ್ಲಿಯೇ ಸೋರಿಹೋಗುತ್ತದೆ.

ಟ್ರೇಲರಿಗೆ ತಾಡಪತ್ರಿ ಹೊದಿಸುವ ಕಬ್ಬಿಣದ ಕಮಾನುಗಳಿರುತ್ತವೆ. ಅವುಗಳಿಗೆ ಕೋನಪಟ್ಟಿ ಬಿಗಿದು, ನಟ್ಟುಗಳಿಗೆ ಸ್ಪ್ರಿಂಗ್ ವಾಷರ್ ಹಾಕಿ ಪ್ಲೇಟನ್ನು ಕೂಡಿಸಬಹುದು. ಜೀಪು, ಟೆಂಪೊಗಳಿಗೆ ಮೇಲಿನ ಕ್ಯಾರಿಯರೇ ಆಧಾರ. ಪ್ಲೇಟಿನ ಕೆಳಗೆ ಮೂರು ಬೆರಳಿನಷ್ಟು ಗಾಳಿಯಾಡುವ ಸಂದಿರಬೇಕು, ಏಕೆಂದರೆ ಕಾದಷ್ಟೂ ಅದು ಕಡಿಮೆ ಕೊಡುತ್ತದೆ. ಅದು ವಾಹನದ ಅಗಲವನ್ನು ಮೀರಿ ಚಾಚಬಾರದು. ಚಕ್ಕಡಿಗೆ ಗಾಜಿನ ಪ್ಲೇಟು ತಕ್ಕುದಲ್ಲ. ಕುಲುಕಾಟಕ್ಕೆ ಒಡೆಯುತ್ತದೆ, ಎತ್ತಿಗೂ ಭಾರ. ಮಡಚುವ ಹಗುರವಾದ ಪ್ಲೇಟನ್ನು ಹಾಸಿಗೆಯ ನಡುವೆ ಇಟ್ಟುಕೊಂಡು ತಂಗಿದಾಗ ಬಿಡಿಸಿ ಹಾಸುವುದೇ ಲೇಸು. ಬೆಳಿಗ್ಗೆ ಪ್ಲೇಟು ತಣ್ಣಗಿರುವಾಗ ಒದ್ದೆ ಬಟ್ಟೆಯಿಂದ ಕೆಂಧೂಳನ್ನು ಒರೆಸತಕ್ಕದ್ದು.

ಪ್ಲೇಟಿಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಹನ್ನೆರಡು ವೋಲ್ಟಿನದೆಂದು ಮಾರುವ ಪ್ಲೇಟು ಬಿಸಿಲಿನಲ್ಲಿ ಇಪ್ಪತ್ತು ವೋಲ್ಟನ್ನೂ ಮೀರುವುದರಿಂದ ಅದನ್ನು ನೇರವಾಗಿ ಜೋಡಿಸಿದರೆ ಬ್ಯಾಟರಿ ಹಾಳಾಗುತ್ತದೆ. ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ, ನಂತರ ಪ್ಲೇಟನ್ನು, ಕಡೆಗೆ ದೀಪಗಳನ್ನು ಜೋಡಿಸಬೇಕು. ಬಿಚ್ಚುವಾಗ ಇದರ ತಿರುವುಮುರುವು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಹತ್ತು ಇಲ್ಲವೆ ಹದಿನೈದು ಆಂಪಿಯರ್ ಫ್ಯೂಸ್ ಹಾಕದೆ ಹೊರಡಕೂಡದು. ಕುಲುಕಾಟಕ್ಕೆ ವೈಯರಿನ ಹೊದಿಕೆ ಸವೆದು ಕಬ್ಬಿಣಕ್ಕೆ ತಾಕಿದರೆ ಬೆಂಕಿ ಹುಟ್ಟುತ್ತದೆ, ಅದೂ ಮೇವಿನ ಪಕ್ಕದಲ್ಲಿ. ಕಂದೀಲಿನ ಬೆಂಕಿಗೆ ಅಂಜಿ ಪ್ಲೇಟು ತಂದವರು ವೈಯರಿನ ಬೆಂಕಿಗೆ ಆಹುತಿಯಾದರೆ ಏನು ಸಾಧಿಸಿದಂತಾಯಿತು?

ಬ್ಯಾಟರಿಯ ವಿಷಯ. ಹನ್ನೆರಡು ವೋಲ್ಟಿನ 40 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಹಿಡಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತೆಗೆದರೆ ಅದರ ಆಯುಷ್ಯ ಕುಂದುತ್ತದೆ. ಎಂದರೆ ನಮ್ಮ ಲೆಕ್ಕದಲ್ಲಿ ಒಂದು ರಾತ್ರಿಗೆ ಮಾತ್ರ ಸಾಕು. ಅದರಿಂದ ಹೊಮ್ಮುವ ಅನಿಲವೂ ಉರಿಯುವಂತಹದು, ಆದ್ದರಿಂದ ಒಲೆಯಿಂದ ದೂರ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡಬೇಕು. ಈಚಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬೆಲೆಯಲ್ಲಿ ಹೆಚ್ಚು, ತೂಕದಲ್ಲಿ ಬಹಳ ಕಡಿಮೆ. ಅದರಲ್ಲಿ ಹಿಡಿದುದರ ಬಹುಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು. ಕಂಟ್ರೋಲರು ಆಯಾ ಬ್ಯಾಟರಿಗೆ ಹೊಂದುವಂತಹದಾಗಿರಬೇಕು. ಬಲ್ಬುಗಳನ್ನು ಹನ್ನೆರಡು ವೋಲ್ಟಿನವನ್ನೇ ತಂದರೆ ಇನ್ವರ್ಟರಿನ ಹಂಗಿಲ್ಲ.

ಇಷ್ಟು ಹೊಂದಿಸಿದ ಬೆಳಕನ್ನು ಯಾವುದಕ್ಕೆ ಬಳಸಬೇಕೆಂಬುದು ಮುಖ್ಯವಾದ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ದೀಪ ಬಂಡಿಯ ಹಿಂಭಾಗಕ್ಕೆ ಸಲ್ಲಬೇಕು. ಕಾಡಿನ ತಿರುವಿನಲ್ಲಿ ಲಾರಿಯ ಚಾಲಕನಿಗೆ ಕತ್ತಲೆಯ ಚಕ್ಕಡಿ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಕೆಂಪು ದೀಪದ ಜೊತೆಗೆ ಹೊಳೆಯುವ ಪಟ್ಟಿಯನ್ನೂ ಅಂಟಿಸಿರಿ. ಕತ್ತಲಾದ ಮೇಲೆ ಬಂಡಿ ಹೂಡದಿರುವುದು ಇನ್ನೂ ಉತ್ತಮ. ಎರಡನೆಯ ದೀಪ ತಾಯಂದಿರು ಅಡುಗೆ ಮಾಡುವ ಕಡೆಗೆ, ಮೂರನೆಯದು ಅವರೂ ಮಕ್ಕಳೂ ರಾತ್ರಿ ಹೊರಗೆ ಹೋಗುವ ದಾರಿಗೆ. ಹಾವು, ಚೇಳಿನ ಭಯ ಅವರಿಗೇ ಹೆಚ್ಚು. ನಾಲ್ಕನೆಯದು ಬೆಳಗಿನ ಜಾವದ ಲಿಂಗಪೂಜೆಗೆ. ಒಂದು ಮೊಬೈಲು ಸದಾ ತುಂಬಿರಲಿ, ಕಷ್ಟದ ಸಮಯಕ್ಕೆ ಅದು ಮೀಸಲು. ಹಾಡಿನ ಪೆಟ್ಟಿಗೆಗೆ ನಾವು ಈ ಲೆಕ್ಕದಲ್ಲಿ ಸ್ಥಾನ ಕೊಟ್ಟಿಲ್ಲ. ಭಜನೆಗೆ ತಾಳವಿದೆ, ಕಂಠವಿದೆ. ಕಾಡಿನ ಪ್ರಾಣಿಗಳ ನಿದ್ದೆ ಕೆಡಿಸಿ ಚನ್ನಬಸವಣ್ಣನವರ ಸನ್ನಿಧಿಗೆ ಹೋಗುವುದು ಭಕ್ತಿಯ ಲಕ್ಷಣವಲ್ಲ. ಬೀಡು ಬಿಡುವುದೂ ಅರಣ್ಯ ಇಲಾಖೆಯವರು ಒಪ್ಪಿದ ಜಾಗದಲ್ಲಿಯೇ ಆಗಬೇಕು.

ಹೆಚ್ಚು ಪ್ಲೇಟು, ಹೆಚ್ಚು ದೀಪ, ಕಡೆಗೆ ಪುಟ್ಟ ಫ್ರಿಜ್ಜು ಎಂದು ಆಸೆ ಬೆಳೆಯುವುದು ಸಹಜ. ಶರಣರು ಈ ಕಾಡಿಗೆ ಬಂದಾಗ ಹೊತ್ತು ತಂದದ್ದು ತಾಳೆಗರಿಯ ಕಟ್ಟುಗಳನ್ನು. ಉಳಿದುದನ್ನು ಬಿಟ್ಟೇ ಬಂದರು. ಬೇಕಾದಷ್ಟನ್ನು ಮಾತ್ರ ಸ್ವೀಕರಿಸಿ ಮಿಕ್ಕುದನ್ನು ಹಂಚುವ ದಾಸೋಹದ ಧರ್ಮ ಬಿಸಿಲಿಗೂ ಅನ್ವಯಿಸುತ್ತದೆ. ತಂಗಿದ ದಿನ ಮಧ್ಯಾಹ್ನದೊಳಗೆ ಬ್ಯಾಟರಿ ತುಂಬಿದರೆ ಪಕ್ಕದ ಬಂಡಿಯವರನ್ನು ಕರೆಯಿರಿ, ಅವರ ಮೊಬೈಲಿಗೂ ದೀಪಕ್ಕೂ ನಿಮ್ಮ ಪ್ಲೇಟು ದುಡಿಯಲಿ. ಓಣಿಗೊಂದರಂತೆ ಕೂಡಿ ಕೊಂಡರೆ ಖರ್ಚೂ ಹಗುರ. ಯಾತ್ರೆ ಮುಗಿದ ಮೇಲೆ ಅದೇ ಪ್ಲೇಟು ಹೊಲದ ಗುಡಿಸಲಿಗೆ ಬೆಳಕಾಗುತ್ತದೆ.

ಈ ಸಲ ರೊಟ್ಟಿಯ ಗಂಟು ಕಟ್ಟುವ ಮುನ್ನ, ಹೊರಡಲು ಎಂಟು ದಿನ ಇರುವಾಗಲೇ, ಪ್ಲೇಟು, ಬ್ಯಾಟರಿ, ದೀಪಗಳನ್ನು ಮನೆಯ ಅಂಗಳದಲ್ಲಿ ಜೋಡಿಸಿ ಮೂರು ರಾತ್ರಿ ಉರಿಸಿ ನೋಡಿರಿ. ದೋಷವಿದ್ದರೆ ಅಲ್ಲಿಯೇ ಕಾಣಲಿ. ಜ್ವರ ಬಂದ ತಾಯಿಯ ತಲೆಯ ಬಳಿ ಕತ್ತಲಲ್ಲಿ ಕುಳಿತುಕೊಳ್ಳುವ ಪ್ರಸಂಗ ಯಾವ ಮನೆತನಕ್ಕೂ ಬಾರದಿರಲೆಂದು ಹಾರೈಸುತ್ತೇವೆ.