ಕಮಜೋರ

ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ, ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಖಜೂರಿ ಸೀಮೆಯಲ್ಲಿ ವಯಸ್ಸಾದವರು ‘ಕಣ್ಣ ಕಮಜೋರ ಆಗ್ಯಾವ’ ಅನ್ನುತ್ತಾರೆ. ಕಾಲಿಗೂ ಕಿವಿಗೂ, ಜ್ವರ ಬಿಟ್ಟ ಮೈಗೂ ಅದೇ ಮಾತು. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ನೆಲವಿದು. ಕಚೇರಿಯ ಉರ್ದು ಮನೆಮಾತಿಗೂ ಇಳಿದು ಬೇರುಬಿಟ್ಟಿತು. ಉರ್ದುವಿಗೆ ಈ ಪದ ಬಂದದ್ದು ಫಾರಸಿಯಿಂದ; ಅಲ್ಲಿ ‘ಕಮ್’ ಎಂದರೆ ಕಡಿಮೆ, ‘ಜೋರ್’ ಎಂದರೆ ಬಲ. ಬಲ ಇಳಿದಿದೆ, ಆದರೆ ಇದೆ. ಅಷ್ಟನ್ನೂ ಒಂದೇ ಪದ ಹೇಳಿಬಿಡುತ್ತದೆ.

ನಮ್ಮ ಬರಹದ ಕನ್ನಡ ಇಲ್ಲಿ ತಡವರಿಸುತ್ತದೆ. ‘ದೃಷ್ಟಿದೋಷ’, ‘ಶ್ರವಣದೋಷ’ ಎಂದು ಬರೆಯುತ್ತೇವೆ. ದೋಷವೆಂಬುದು ತಪ್ಪಿನ, ಪಾಪದ ವಾಸನೆಯುಳ್ಳ ಪದ. ‘ಬುದ್ಧಿಮಾಂದ್ಯ’ ಬೈಗುಳವಾಗಿದೆ. ‘ಅಂಗವಿಕಲ’ ಬೇಡವೆಂದು ‘ವಿಕಲಚೇತನ’ ತಂದೆವು. ಕೊರತೆ ಅಂಗದಲ್ಲಿದ್ದರೆ ಚೇತನವನ್ನೇಕೆ ವಿಕಲ ಎನ್ನಬೇಕು? 2015ರ ಕೊನೆಗೆ ಪ್ರಧಾನಿಯವರು ‘ದಿವ್ಯಾಂಗ’ ಸೂಚಿಸಿದರು. ಮೆಟ್ಟಿಲು ಹತ್ತಲಾಗದೆ ಕಚೇರಿಯ ಬಾಗಿಲಲ್ಲೇ ನಿಂತವರಿಗೆ ಬೇಕಿರುವುದು ದಿವ್ಯತೆಯಲ್ಲ, ಇಳಿಜಾರು ದಾರಿ.

ಈ ವಿಷಯದಲ್ಲಿ ಕಾನೂನು ನಮಗಿಂತ ಸೂಕ್ಷ್ಮವಾಗಿದೆ. 1995ರ ಕಾಯ್ದೆಯಲ್ಲಿ ವೈಕಲ್ಯದ 7 ಬಗೆಗಳಿದ್ದವು, 2016ರ ಕಾಯ್ದೆಯಲ್ಲಿ 21. ಅಂಧತ್ವ ಬೇರೆ, ಅಲ್ಪದೃಷ್ಟಿ ಬೇರೆ. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟವಾದವರು ಕಿವುಡರು, 60ರಿಂದ 70ರ ನಡುವಿನವರು ಕಿವಿ ಮಂದವಾದವರು. ಆದರೆ ಮೀಸಲಾತಿಗೆ ಶೇ. 40ರ ಪ್ರಮಾಣಪತ್ರ ಬೇಕು. ಅದಕ್ಕೂ ಕೆಳಗಿನ ಕಮಜೋರಿಗೆ ಆ ಮೀಸಲಾತಿ ಸಿಗುವುದಿಲ್ಲ. ಅದು ಬಹುಮಟ್ಟಿಗೆ ಮನೆಯವರ ಮಾತಿನಲ್ಲೇ ಉಳಿಯುತ್ತದೆ.

ಹಾಗೆಂದು ಈ ಪದವೇನೂ ಪೂರಾ ನಿರಪಾಯವಲ್ಲ. ‘ಹುಡುಗ ಓದಿನಾಗ ಕಮಜೋರ ಇದ್ದಾನ’ ಎಂಬ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಮಗುವಿಗೆ ಬೋರ್ಡು ಮಸುಕಾಗಿ ಕಾಣುತ್ತಿರಬಹುದು; ಒಂದು ಚಾಳೀಸು ಸಾಕಾಗಬಹುದು. ಕಣ್ಣಿನ ಕಮಜೋರಿಯನ್ನು ಬುದ್ಧಿಯ ತಲೆಗೆ ಕಟ್ಟಿದ ಮೇಲೆ ಆ ಮಗುವಿನ ಕಣ್ಣನ್ನು ಯಾರೂ ತಪಾಸಣೆ ಮಾಡಿಸುವುದಿಲ್ಲ. ಕಣ್ಣ ಕಮಜೋರ ಎಂದಾಗ ಆಡುಮಾತು ಕಣ್ಣನ್ನಷ್ಟೇ ಹೇಳಿ ಮನುಷ್ಯನನ್ನು ಬಿಟ್ಟಿತ್ತು. ಇಲ್ಲಿ ಮಗುವನ್ನೇ ಹಿಡಿದುಕೊಂಡಿತು.

ನಮ್ಮ ಪತ್ರಿಕೆಗೆ ಬರೆಯುವವರಲ್ಲಿ ಒಂದು ಕೇಳಿಕೆ. ಯಾರ ಯಾವ ಅಂಗದ ಬಲ ಎಷ್ಟು ಇಳಿದಿದೆ ಎಂಬುದು ಪ್ರಸಂಗಕ್ಕೆ ಬೇಕಿದ್ದರೆ ಅಷ್ಟನ್ನೇ ಬರೆಯಿರಿ, ‘ಕಣ್ಣು ಮಂದ’, ‘ನಡೆಯಲು ಕೋಲು ಬೇಕು’ ಎಂದು. ‘ದೋಷ’ವನ್ನು ಈ ಸಂಚಿಕೆಯಿಂದಲೇ ಕೈಬಿಡುತ್ತಿದ್ದೇವೆ. ಕಲಬುರಗಿ ಸೀಮೆಯ ಲೇಖಕರು ‘ಕಮಜೋರ’ ಎಂದು ಬರೆದರೆ ಅದನ್ನು ತಿದ್ದುವುದಿಲ್ಲ.