ಚಕ್ರವರ್ತಿಯ ದನಿ ಕೇಳಿದ ದಿನ

1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಜನ ರೇಡಿಯೋಗಳ ಸುತ್ತ ನೆರೆದಿದ್ದರು. ತಮ್ಮ ಚಕ್ರವರ್ತಿ ಹಿರೋಹಿಟೊನ ದನಿಯನ್ನು ಅವರು ಕೇಳಿದ್ದು ಅದೇ ಮೊದಲು. ಆತ ಆಡಿದ್ದು ಅರಮನೆಯ ಹಳೆಯ ಭಾಷೆ; ಎಷ್ಟೋ ಮಂದಿಗೆ ಅರ್ಥವಾಗಲಿಲ್ಲ. 'ಶರಣಾಗತಿ' ಎಂಬ ಮಾತೂ ಅದರಲ್ಲಿರಲಿಲ್ಲ. ಆದರೂ ಯುದ್ಧ ಮುಗಿದಿತ್ತು.

ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಅಣುಬಾಂಬಿಗೆ ತುತ್ತಾಗಿದ್ದವು. 9ರಂದೇ ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿತ್ತು. ಆದರೂ ಆರು ಮಂದಿಯ ಯುದ್ಧಮಂಡಳಿ ಮೂರು-ಮೂರಾಗಿ ಒಡೆಯಿತು. ಸಿಂಹಾಸನ ಉಳಿದರೆ ಸಾಕೆಂದರು ಮೂವರು. ಇನ್ನೂ ಕೆಲವು ಷರತ್ತು ಬೇಕೆಂದರು ಉಳಿದವರು. ಆ ರಾತ್ರಿಯ ಸಭೆಯಲ್ಲಿ ಪ್ರಧಾನಿ ಸುಜುಕಿ ಚಕ್ರವರ್ತಿಯ ತೀರ್ಮಾನವನ್ನೇ ಕೇಳಿದರು. ಆತ ಶಾಂತಿಯ ಪರ ನಿಂತ.

ಜಾಣ ವಿದ್ಯಾರ್ಥಿ ಇಲ್ಲಿ ಕೈಯೆತ್ತಬೇಕು. 1945ರಲ್ಲಿ ಯುದ್ಧ ನಿಲ್ಲಿಸಬಲ್ಲವನು 1941ರ ಡಿಸೆಂಬರ್ 1ರ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದೇಕೆ? ಮಂತ್ರಿಗಳು ಒಮ್ಮತದಿಂದ ಬಂದಾಗ ಒಪ್ಪುವುದೇ ಸಂಪ್ರದಾಯ, ಅವರು ಒಡೆದಾಗ ಮಾತ್ರ ಆತನ ಮಾತಿಗೆ ಎಡೆ ಎನ್ನುವವರಿದ್ದಾರೆ. ಸೇನೆಯ ಪರಮಾಧಿಕಾರಿ ಆತನೇ, ಹೊಣೆಯೂ ಆತನದೇ ಎನ್ನುವವರೂ ಇದ್ದಾರೆ. ಟೋಕಿಯೊ ನ್ಯಾಯಮಂಡಳಿಯ ಮುಂದೆ ಆತನನ್ನು ನಿಲ್ಲಿಸಲೇ ಇಲ್ಲ. ಆಡಳಿತ ಸುಗಮವಾಗಿ ಸಾಗಲು ಚಕ್ರವರ್ತಿ ಬೇಕೆಂಬುದು ಅಮೆರಿಕದ ಜನರಲ್ ಮ್ಯಾಕ್ ಆರ್ಥರ್ ಲೆಕ್ಕಾಚಾರ. ಚರ್ಚೆ ಇಂದಿಗೂ ಮುಗಿದಿಲ್ಲ.

ವಿಜ್ಞಾನದ ಮೇಷ್ಟರಿಗೆ ಇದರಲ್ಲೇನು ಆಸಕ್ತಿ ಎನ್ನಬಹುದು. ಹಿರೋಹಿಟೊ ಸ್ವತಃ ಜೀವಶಾಸ್ತ್ರಜ್ಞ! ನೀವು ಪಾಠದಲ್ಲಿ ಓದುವ ಹೈಡ್ರಾದ ಬಂಧುಗಳಾದ ಸಣ್ಣ ಕಡಲಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪುಸ್ತಕ ಬರೆದವನು. ಅಂಥವನನ್ನು ದೇವರೆಂದು ಮಕ್ಕಳಿಗೆ ಕಲಿಸಲಾಗುತ್ತಿತ್ತು. ಆ ನಂಬಿಕೆ ಸುಳ್ಳೆಂದು 1946ರ ಜನವರಿ 1ರಂದು ಆತನ ಹೆಸರಿನಲ್ಲೇ ಘೋಷಣೆ ಹೊರಟಿತು. 1947ರ ಮೇ 3ರಿಂದ ಹೊಸ ಸಂವಿಧಾನದಲ್ಲಿ ಚಕ್ರವರ್ತಿ ಕೇವಲ ರಾಷ್ಟ್ರದ ಸಂಕೇತ; ಯುದ್ಧದ ಹಕ್ಕನ್ನೇ ದೇಶ ತ್ಯಜಿಸಿತು.

ಬದಲಾವಣೆ ತರಗತಿಯಲ್ಲೇ ಮೊದಲಾಗಿತ್ತು. ಸೋತ ವರ್ಷವೇ ಮಕ್ಕಳು ತಮ್ಮ ಪಠ್ಯಪುಸ್ತಕದ ಯುದ್ಧೋನ್ಮಾದದ ಸಾಲುಗಳಿಗೆ ಕಪ್ಪು ಮಸಿ ಬಳಿದರು, ಮೇಷ್ಟರು ಹೇಳಿದಂತೆ. ನಿನ್ನೆ ಅದೇ ಸಾಲನ್ನು ಬಾಯಿಪಾಠ ಮಾಡಿಸಿದ್ದವರೂ ಅವರೇ! 1946ರ ಏಪ್ರಿಲ್ ಚುನಾವಣೆಯಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಹಾಕಿದರು. 39 ಮಂದಿ ಗೆದ್ದರು. ಗೇಣಿದಾರರಿಗೆ ಭೂಮಿ ಸಿಕ್ಕಿತು. 1947ರಲ್ಲಿ ಒಂಬತ್ತು ವರ್ಷದ ಶಿಕ್ಷಣ ಕಡ್ಡಾಯವಾಯಿತು. 1964ರಲ್ಲಿ ಬುಲೆಟ್ ರೈಲು ಓಡಿತು. ಅದೇ ತಿಂಗಳು ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು.

ಪಾಲಕರೇ, ಬುಲೆಟ್ ರೈಲಿನ ಕತೆಯನ್ನು ಮಕ್ಕಳಿಗೆ ಹೇಳುತ್ತೇವೆ. ಮಸಿ ಬಳಿದ ಪುಸ್ತಕದ ಕತೆಯನ್ನೂ ಹೇಳಿ. ಅಚ್ಚಾದದ್ದೆಲ್ಲ ಸತ್ಯವೇ ಎಂದು ಮಗು ಕೇಳಿದರೆ ಗದರಬೇಡಿ. ಮೇಷ್ಟರನ್ನೂ ಹಾಗೆಯೇ ಕೇಳಲಿ, ನನ್ನನ್ನೂ ಸೇರಿಸಿ.