ಬೆನ್ನಿಗೆ ಸಿಕ್ಕಿಸಿದ ಕಾಗದದ ಪಟ್ಟಿ

ಹಿಂದಿನ ವರ್ಷದ ದೀಪಾವಳಿಯ ಸೂಟಿಯಲ್ಲಿ ನಾವು ಸಾಂಗಲಿಗೆ ಹೊಂದಿಕೊಂಡಿರುವ ಮಾಧವನಗರಕ್ಕೆ, ನಮ್ಮ ತಂಗಿಯ ಮನೆಗೆ ಹೋಗಿದ್ದೆವು. ಹೊಸ್ತಿಲು ದಾಟುವುದಕ್ಕೂ ಅವಕಾಶ ಕೊಡದೆ ತಂಗಿ ದೂರು ಹೇಳತೊಡಗಿದಳು: "ಅಣ್ಣಾ, ಈ ಗಿಳಿಗೆ ಹುಚ್ಚು ಹಿಡದೈತಿ ನೋಡು. ಮನ್ಯಾಗ ಒಂದು ಕಾಗದ ಉಳಸವಲ್ದು." ಎಂಟನೆಯ ಇಯತ್ತೆಯಲ್ಲಿ ಓದುವ ಸೋದರಳಿಯ ತನ್ನ ಇತಿಹಾಸದ ವಹಿಯನ್ನು ತಂದು ತೋರಿಸಿದ. ಶಿವಾಜಿ ಮಹಾರಾಜರ ಪಟ್ಟಾಭಿಷೇಕದ ಪುಟವು ಒಂದು ಬದಿಯಿಂದ ಅರ್ಧದಷ್ಟು ಇಲ್ಲವಾಗಿತ್ತು. ಆದರೆ ಅದು ಇಲಿ ಕಡಿದಂತೆ ಕಂಡದ್ದಿಲ್ಲ. ಅಂಚು ಕತ್ತರಿಯಿಂದ ಕತ್ತರಿಸಿದಷ್ಟು ನೇರವಾಗಿತ್ತು. "ಮಾಮಾ, ಇದಕ್ಕ ಜಡ್ಡ ಆಗೇತೇನ್ರಿ?" ಎಂದು ಹುಡುಗ ಕೇಳಿದ.

ನಾವು ಪಂಜರದ ಮುಂದೆ ಕುಳಿತು ನೋಡಿದೆವು. ಎರಡು ಹಕ್ಕಿಗಳು, ಮೈ ಹಸಿರು, ಮುಖ ಮತ್ತು ಕೊರಳು ಗುಲಾಬಿ, ಬೆನ್ನಿನ ಕೆಳಭಾಗ ನೀಲಿ. ಅವುಗಳಲ್ಲಿ ಒಂದು ಕಾಗದದ ಅಂಚನ್ನು ಕೊಕ್ಕಿನಲ್ಲಿ ಹಿಡಿದು, ಹೊಲಿಗೆಯ ಯಂತ್ರ ಟಾಕು ಹಾಕಿದಂತೆ ಒಂದರ ಮಗ್ಗುಲಿಗೊಂದು ತೂತು ಹಾಕುತ್ತ ಸಾಗಿತು. ಗೇಣುದ್ದದ ಸಣ್ಣ ಪಟ್ಟಿಯೊಂದು ಬಿಡಿಸಿ ಬಂದಿತು. ಆ ಪಟ್ಟಿಯನ್ನು ಅದು ಬಾಯಲ್ಲಿ ಹಿಡಿದುಕೊಂಡು ಹೋಗಲಿಲ್ಲ. ಕೊರಳನ್ನು ಹಿಂದಕ್ಕೆ ಹೊರಳಿಸಿ, ಬೆನ್ನಿನ ನೀಲಿ ಗರಿಗಳನ್ನು ಉಬ್ಬಿಸಿ, ಹೊಲಕ್ಕೆ ಹೊರಟ ಹೆಣ್ಣುಮಗಳು ಟೊಂಕಕ್ಕೆ ಕುಡುಗೋಲು ಸಿಕ್ಕಿಸುವಂತೆ ಅವುಗಳೊಳಗೆ ಸಿಕ್ಕಿಸಿಕೊಂಡಿತು. ಹೀಗೆ ನಾಲ್ಕೈದು ಪಟ್ಟಿಗಳಾದ ಮೇಲೆ ಪಂಜರದ ಕತ್ತಲ ಮೂಲೆಗೆ ಹಾರಿತು. ದಾರಿಯಲ್ಲಿ ಎರಡು ಉದುರಿದವು. ಅದರ ಲಕ್ಷ್ಯ ಅತ್ತ ಇರಲಿಲ್ಲ.

ಇದು ಜಡ್ಡೂ ಅಲ್ಲ, ಹುಚ್ಚೂ ಅಲ್ಲ, ಬಾಣಂತನದ ಸಿದ್ಧತೆ ಎಂದು ನಾವು ತಿಳಿಸಿದೆವು. ತಂಗಿಯ ಮುಖದಲ್ಲಿ ಆ ಕ್ಷಣಕ್ಕೆ ಮೂಡಿದ ಮೃದುತ್ವವನ್ನು ಇಲ್ಲಿ ವರ್ಣಿಸಲಾರೆವು. ವಹಿಯ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ.

ನಮ್ಮ ಪೇಟೆಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾದ ಬಜರಿಗರ್ ಗಿಳಿಗಳು. ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡದ್ದು. ನಮ್ಮ ಹುಡುಗನ ಗುಲಾಬಿ ಮುಖದ ಜಾತಿಯ ತವರು ನಮೀಬಿಯಾ ಮತ್ತು ಅಂಗೋಲಾದ ಒಣನಾಡು. ನಮ್ಮ ಹೊಲಗಳ ಮೇಲೆ ಕೂಗುತ್ತ ಹಾರುವ ಕೊರಳಪಟ್ಟಿಯ ಗಿಳಿಯ ಮಾತು ಬೇರೆ. ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬೇಸಿಗೆಯ ಮುಂಚೆ ಮರದ ಪೊಟರೆಗಳಿಂದ ಮರಿಗಳನ್ನು ಕಿತ್ತು ತಂದು ಮಾರುವವರನ್ನು ವಾಚಕರೂ ಕಂಡಿರಬಹುದು. ಅವರಿಂದ ಕೊಳ್ಳುವವರು ಪುಣ್ಯವಂತರೇನೂ ಅಲ್ಲ.

ಗಿಳಿಗಳ ಕುಲದಲ್ಲಿ ಬಹುಪಾಲು ಜಾತಿಗಳು ಗೂಡು ಕಟ್ಟುವುದೇ ಇಲ್ಲ. ಪೊಟರೆ ಸಿಕ್ಕರೆ ಅದನ್ನೇ ಕೊಕ್ಕಿನಿಂದ ಕೆರೆದು ಹಿಗ್ಗಿಸಿ, ಮರದ ಪುಡಿಯ ಮೇಲೆ ಮೊಟ್ಟೆಯಿಡುತ್ತವೆ. ಪಟ್ಟಿ ಕತ್ತರಿಸಿ ಒಯ್ಯುವ ಜಾತಿಗಳು ಕೆಲವೇ. ದೂರದ ಆಫ್ರಿಕಾದ ಮಾತೇಕೆ? ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ತಲೆಕೆಳಗಾಗಿ ಜೋತುಬಿದ್ದು ನಿದ್ರಿಸುವ ಪುಟ್ಟ ಗಿಳಿಯೊಂದಿದೆ. ಅದೂ ಎಲೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬೆನ್ನಿನ ಗರಿಗಳಲ್ಲಿಯೇ ಸಿಕ್ಕಿಸಿಕೊಂಡು ಪೊಟರೆಗೆ ಸಾಗಿಸುತ್ತದೆ.

ಲವ್ ಬರ್ಡ್‌ಗಳಲ್ಲಿಯೇ ಫಿಶರ್ ಎಂಬ ಇನ್ನೊಂದು ಜಾತಿ ಪಟ್ಟಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಎಂಬ ಪ್ರಾಣಿಶಾಸ್ತ್ರಜ್ಞರು ಈ ಎರಡು ಜಾತಿಗಳನ್ನು ಕೂಡಿಸಿ, ಹುಟ್ಟಿದ ಮಿಶ್ರ ಮರಿಗಳ ನಡವಳಿಕೆಯನ್ನು 1962ರಲ್ಲಿ ಪ್ರಕಟಿಸಿದರು. ಆ ಹಕ್ಕಿಗಳ ಪಾಡು ಕರುಣಾಜನಕ. ಪಟ್ಟಿಯನ್ನು ಬೆನ್ನಿಗೆ ಸಿಕ್ಕಿಸಲು ಹೋಗುವವು, ಅದು ಬೀಳುವುದು. ಸಿಕ್ಕಿಸಿದರೂ ಕೊಕ್ಕಿನಿಂದ ಬಿಡುಗಡೆ ಮಾಡಲು ತಿಳಿಯದು. ಕೊಕ್ಕಿನಲ್ಲಿಯೇ ಒಯ್ಯುವುದನ್ನು ಕಲಿಯಲು ಅವಕ್ಕೆ ಸುಮಾರು ಮೂರು ವರ್ಷ ಬೇಕಾದವು. ಆಮೇಲೂ ಹಾರುವ ಮುಂಚೆ ಕೊರಳನ್ನೊಮ್ಮೆ ಹಿಂದಕ್ಕೆ ಹೊರಳಿಸುವ ಅಭ್ಯಾಸ ಉಳಿದೇ ಇತ್ತು. ನಾವು ಶಿಕ್ಷಕರ ತರಬೇತಿ ಪಡೆಯುತ್ತಿದ್ದಾಗ 'ಸಹಜ ಪ್ರವೃತ್ತಿ ಮತ್ತು ಕಲಿಕೆ' ಎಂಬ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ತಿಳಿದದ್ದು ಈ ಹಕ್ಕಿಗಳ ಕಥೆಯಿಂದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಎರಡು ಬಗೆಯ ಹೊರೆ ಹೊರುವ ನಮ್ಮ ಗಡಿಯ ಮಕ್ಕಳು ಆಗ ನೆನಪಾದರು. ಆದರೆ ಮಕ್ಕಳು ಹಕ್ಕಿಗಳಿಗಿಂತ ಬೇಗ ಕಲಿಯುತ್ತಾರೆ, ಎರಡನ್ನೂ ಕಲಿಯುತ್ತಾರೆ.

ಇಷ್ಟೆಲ್ಲ ತಿಳಿದವರೆಂಬ ಅಭಿಮಾನವೇ ನಮ್ಮಿಂದ ತಪ್ಪು ಮಾಡಿಸಿತು. "ಪಾಪ, ಗೂಡಿಲ್ಲದೆ ಒದ್ದಾಡುತ್ತಿದೆ" ಎಂದು ಮರುದಿನವೇ ಕುಂಬಾರರಲ್ಲಿ ಸಣ್ಣ ಗಡಿಗೆಯೊಂದನ್ನು ತಂದು, ಬದಿಗೆ ತೂತು ಮಾಡಿಸಿ, ಪಂಜರದಲ್ಲಿ ಕಟ್ಟಿಸಿ, ಊರಿಗೆ ಮರಳಿದೆವು. ಹಕ್ಕಿಯ ವಯಸ್ಸೆಷ್ಟು ಎಂದು ಕೇಳಲಿಲ್ಲ. ಏನು ತಿನ್ನುತ್ತದೆ ಎಂದೂ ಕೇಳಲಿಲ್ಲ. ಸುಮಾರು ಎರಡು ವಾರದ ಮೇಲೆ ರಾತ್ರಿ ಹುಡುಗನ ಫೋನು ಬಂದಿತು: ಎರಡು ಮೊಟ್ಟೆಗಳಾಗಿವೆ, ಆದರೆ ಹಕ್ಕಿ ಗಡಿಗೆ ಬಿಟ್ಟು ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ಕುಳಿತಿದೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆ. "ಕಾವು ಕೂಡುವ ಹೊತ್ತು, ಮುಟ್ಟಬೇಡ, ಅದರ ಪಾಡಿಗೆ ಬಿಡು" ಎಂದು ನಾವು ಅಪ್ಪಣೆ ಕೊಟ್ಟೆವು. ಅವನು ಬಿಟ್ಟ. ಬೆಳಗಾಗುವಷ್ಟರಲ್ಲಿ ಹಕ್ಕಿ ಸತ್ತಿತ್ತು.

ಮೂರನೆಯ ಮೊಟ್ಟೆ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತೆಂದು ಆಮೇಲೆ ನಮ್ಮ ಪರಿಚಯದ ಪಶುವೈದ್ಯರೊಬ್ಬರು ವಿವರಿಸಿದರು. ಹಕ್ಕಿಗೆ ಆಗ ಏಳು ತಿಂಗಳು; ವರ್ಷ ತುಂಬದ ಹೆಣ್ಣಿಗೆ ಗೂಡು ಕೊಡಲೇಬಾರದು. ಆಹಾರವೆಂದರೆ ಬರೀ ನವಣೆ ಮತ್ತು ಸೂರ್ಯಕಾಂತಿ ಬೀಜ. ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಬೇಕು. ಹೊರಗಿನಿಂದ ಸಿಗದಿದ್ದರೆ ತಾಯಿಯ ಎಲುಬಿನಿಂದಲೇ ಹೋಗುತ್ತದೆ, ಗರ್ಭನಾಳದ ಸ್ನಾಯುಗಳಿಗೂ ಮೊಟ್ಟೆಯನ್ನು ಹೊರದೂಡುವ ಬಲ ಉಳಿಯುವುದಿಲ್ಲ. ಮೇಲಾಗಿ ಕಾರ್ತಿಕದ ಚಳಿ. ಗರಿ ಉಬ್ಬಿಸಿ ತಳದಲ್ಲಿ ಕುಳಿತು ತಿಣುಕುವ ಹೆಣ್ಣುಹಕ್ಕಿಯನ್ನು ಕೂಡಲೇ ಬೆಚ್ಚಗಿನ ಜಾಗದಲ್ಲಿಟ್ಟು ವೈದ್ಯರ ಬಳಿಗೆ ಒಯ್ಯಬೇಕು; ಹೊಟ್ಟೆಯನ್ನು ಒತ್ತಿ ಮೊಟ್ಟೆ ತೆಗೆಯಲು ಹೋದರೆ ಅದು ಒಳಗೇ ಒಡೆಯುತ್ತದೆ. ಕಾಗದ ಕತ್ತರಿಸುವುದು ಹಕ್ಕಿಯ ಬಯಕೆಯ ಗುರುತೇ ಹೊರತು ಅದರ ಮೈ ಸಿದ್ಧವಾದುದರ ಗುರುತಲ್ಲ ಎಂದು ಆ ವೈದ್ಯರು ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ನಾವು ತಲೆ ತಗ್ಗಿಸಿ ಕೇಳಿದೆವು.

ಹುಡುಗ ನಮ್ಮನ್ನು ದೂರಲಿಲ್ಲ. ಆರು ತಿಂಗಳು ಫೋನು ಮಾಡಲಿಲ್ಲ, ಅಷ್ಟೇ.

ಒಂಟಿಯಾದ ಗಂಡಿಗೆ ಯುಗಾದಿಯ ಹೊತ್ತಿಗೆ ಅವನು ಜೊತೆ ತಂದ. ಈ ಜಾತಿಯಲ್ಲಿ ಹೆಣ್ಣು ಗಂಡು ನೋಟಕ್ಕೆ ಒಂದೇ. ಎರಡು ಹೆಣ್ಣುಗಳೇ ಜೋಡಿಯಾಗಿ ಬರಡು ಮೊಟ್ಟೆಗಳ ರಾಶಿ ಹಾಕುವುದೂ ಉಂಟು. ಹಾಗಾಗಿ, ಪಟ್ಟಿಯನ್ನು ಬೆನ್ನಿಗೆ ಸಿಕ್ಕಿಸುವ ಕೆಲಸ ಹೆಚ್ಚಾಗಿ ಹೆಣ್ಣಿನದೆಂಬ ಗುರುತಿನಿಂದಲೇ ವರ್ಷ ದಾಟಿದ ಹಕ್ಕಿಯನ್ನು ಆರಿಸಿದನಂತೆ. ಗ್ರಂಥಿಗೆ ಅಂಗಡಿಯಿಂದ ಸಮುದ್ರನೊರೆ ತಂದು ಪಂಜರಕ್ಕೆ ಕಟ್ಟಿದ. ನವಣೆಯ ಜೊತೆಗೆ ಮೆಂತ್ಯದ ಸೊಪ್ಪು, ಮೊಳಕೆ ಕಾಳು, ಬೇಯಿಸಿದ ಮೊಟ್ಟೆಯ ಚೂರು. ಹೊಸ ಹೆಣ್ಣೂ ಕಾಗದ ಕತ್ತರಿಸತೊಡಗಿತು. ತಂಗಿ ಗಡಿಗೆ ಕಟ್ಟೆಂದಳು, ಹುಡುಗ ಒಪ್ಪಲಿಲ್ಲ. ಕಾಗದದ ಬದಲು ಗೋವಿನಜೋಳದ ತೆನೆಯ ಹಸಿ ಸಿಪ್ಪೆ ಕೊಟ್ಟು ಕಾಯಿಸಿದ. ಗಂಡು ತನ್ನ ಬಾಯಿಂದ ಹೆಣ್ಣಿಗೆ ತುತ್ತು ಕೊಡುವುದು ನಿತ್ಯದ ರೂಢಿಯಾಗಿ, ಹೆಣ್ಣು ಮೈ ತುಂಬಿಕೊಂಡ ಮೇಲೆ, ಬಡಿಗರಿಂದ ಮಾಡಿಸಿದ ಮರದ ಪೆಟ್ಟಿಗೆಯನ್ನು ಗೋಡೆಗೆ ಹೊಂದಿಸಿ ಇಟ್ಟ. ಅದರ ಮುಚ್ಚಳ ಮೇಲೆ ತೆರೆಯುತ್ತದೆ, ಇಣುಕಿ ನೋಡಲು.

ದಿನ ಬಿಟ್ಟು ದಿನಕ್ಕೊಂದರಂತೆ ನಾಲ್ಕು ಮೊಟ್ಟೆಗಳಾದವು. ಸುಮಾರು 23 ದಿನ ಕಾವು. ಕಳೆದ ವಾರ ಅವನದೇ ಫೋನು ಬಂದಿತು. ಮೂರು ಮರಿಗಳು ಹೊರಬಂದಿವೆ, ನಾಲ್ಕನೆಯ ಮೊಟ್ಟೆ ಬರಿದು. ಮರಿಗಳು ಗೂಡು ಬಿಡಲು ಇನ್ನೂ ಆರು ವಾರ ಬೇಕು. ಮಾತು ಮುಗಿಸುವ ಮುನ್ನ ಸ್ವಲ್ಪ ತಡೆದು ಹೇಳಿದ:

"ನೋಡಾಕ ಬರ್ರಿ ಮಾಮಾ. ಆದರ ಪೆಟ್ಟಿಗಿ ನಾನ ತೆಗೀತೀನ್ರಿ."